ಕುಡಿಯುವ ನೀರು: ಕುದಿಸೋದಾ, ಕ್ಲೋರಿನ್ ಮಾತ್ರೆನಾ, ಯುವಿ ಯಂತ್ರನಾ?

ಮನೆಯಲ್ಲಿ ಪುಟ್ಟ ಮಗು ಇದೆ, ಮಳೆಗಾಲಕ್ಕೆ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಕಾಲರಾ, ಟೈಫಾಯ್ಡ್, ಹೆಪಟೈಟಿಸ್ ಎ, ಇವೆಲ್ಲ ಮಲ ಬೆರೆತ ನೀರಿನಿಂದ ಹರಡುವಂಥವು. ಹಾಗಾಗಿ ಕೇಳಿದ್ದು ಒಳ್ಳೆಯದೇ ಆಯ್ತು.

ರೋಗಾಣು ಕೊಲ್ಲೋದರಲ್ಲಿ ಕುದಿಸೋದೇ ಮುಂದು. ತಳದಲ್ಲಿ ಸಣ್ಣ ಗುಳ್ಳೆ ಬಂದರೆ ಸಾಲದು. ನೀರು ಕೊತಕೊತ ಅಂತ 1 ನಿಮಿಷವಾದರೂ ಕುದಿಯಬೇಕು. ಕ್ಲೋರಿನ್‌ಗೆ ಬ್ಯಾಕ್ಟೀರಿಯಾ, ವೈರಸ್ ಸಾಯುತ್ತವೆ. ಆದರೆ ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಪರಜೀವಿಗೆ ಗಟ್ಟಿ ಚಿಪ್ಪಿದೆ, ಅದು ಬಗ್ಗುವುದಿಲ್ಲ. ಯುವಿ, ಅಂದರೆ ನೇರಳಾತೀತ ಬೆಳಕು, ಅದಕ್ಕೂ ನಾಟುತ್ತದೆ, ನೀರು ತಿಳಿಯಾಗಿದ್ದರೆ ಮಾತ್ರ. ಕೆಸರಿದ್ದರೆ ಕಣಗಳ ನೆರಳಲ್ಲಿ ರೋಗಾಣು ಬಚಾವಾಗುತ್ತದೆ.

ಮಾತ್ರೆ ಅಗ್ಗ. ಕುದಿಸಲು ಗ್ಯಾಸ್ ಬೇಕು. ಯುವಿಗೆ ಮೊದಲೇ ದುಡ್ಡು ಜಾಸ್ತಿ, ಕರೆಂಟೂ ಇರಬೇಕು.

ಜನ ಮರೆಯೋದು ಆಮೇಲಿನ ಕಥೆ. ಕುದಿಸಿದ ನೀರಿಗೂ ಯುವಿ ನೀರಿಗೂ ಕಾವಲಿಲ್ಲ. ಬಿಂದಿಗೆಗೆ ಲೋಟ ಅದ್ದುವಾಗ ಬೆರಳು ತಾಗಿದರೂ ಸಾಕು, ನೀರು ಮತ್ತೆ ಕೆಡುತ್ತದೆ, ಅಲ್ವಾ? ಕ್ಲೋರಿನ್ ಮಾತ್ರ ನೀರಲ್ಲಿ ಸ್ವಲ್ಪ ಉಳಿದು ಕಾಯುತ್ತದೆ.

ನಿಮ್ಮ ಮಗುವಿಗೆ ನಾನಾದರೆ ಕುದಿಸಿಯೇ ಕೊಡುತ್ತೇನೆ. ನೆರೆ ಬಂದಾಗ, ಪ್ರಯಾಣದಲ್ಲಿ, ಒಲೆ ಇಲ್ಲದ ಕಡೆ ಮಾತ್ರೆ ಸರಿ. ಹಾಕಿ 30 ನಿಮಿಷ ಬಿಡಿ. ಮನೆ ತುಂಬ ಜನ, ತಿಳಿನೀರು, ಕೈಕೊಡದ ಕರೆಂಟ್ ಇದ್ದರೆ ಯುವಿ ಹಾಕಿಸಿ. ಪಾತ್ರೆಗೆ ಮುಚ್ಚಳ, ಉದ್ದ ಹಿಡಿಯ ಸೌಟು ಮೂರರಲ್ಲೂ ಬೇಕು.