ನೇತ್ರಾವತಿಗೆ ವಯಸ್ಸಾಯಿತು: ಒಂದೂವರೆ ವರ್ಷ ರೂಲ್ ದಿ ವೇವ್ಸ್ 3 ಆಡಿದ ಮೇಲೆ

ರಾತ್ರಿ ಊಟ ಮುಗಿದು, ಮಗಳು ಮಲಗಿದ ಮೇಲೆ ನನಗೆ ಸಿಗುವುದು ನಲವತ್ತು ನಿಮಿಷ. ಒಂದೂವರೆ ವರ್ಷದಿಂದ ಆ ನಲವತ್ತು ನಿಮಿಷ ಈ ಒಂದೇ ಆಟಕ್ಕೆ ಹೋಗುತ್ತಿದೆ. ನನ್ನ ಲ್ಯಾಪ್‌ಟಾಪ್ ಏಳು ವರ್ಷ ಹಳೆಯದು, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಆದರೂ ಆಟ ಆರಾಮಾಗಿ ಓಡುತ್ತದೆ. ಯಾಕೆಂದರೆ ಇದರಲ್ಲಿ ಕಣ್ಣಿಗೆ ಹಬ್ಬ ಅನ್ನುವಂಥದ್ದು ಏನೂ ಇಲ್ಲ. ಬರೀ ಪಟ್ಟಿಗಳು, ಅಂಕಿಗಳು, ನಕ್ಷೆಯ ಮೇಲೆ ಚಿಕ್ಕ ಚಿಕ್ಕ ಗುರುತುಗಳು. ಅಲೆ, ಹೊಗೆ, ಬೆಂಕಿ ಎಲ್ಲ ಕಣ್ಣಾರೆ ಕಾಣಬೇಕು ಅನ್ನುವವರು ಬೇರೆ ಆಟ ನೋಡಿಕೊಳ್ಳುವುದು ಒಳ್ಳೆಯದು.

ನೀವು ಒಂದು ದೇಶದ ನೌಕಾಪಡೆಯ ಮುಖ್ಯಸ್ಥರು. 1890ರಿಂದ 1970ರವರೆಗೆ ತಿಂಗಳು ತಿಂಗಳು ಆಟ ಮುಂದಕ್ಕೆ ಹೋಗುತ್ತದೆ. ಸರ್ಕಾರ ಹಣ ಕೊಡುತ್ತದೆ, ಹಡಗಿನ ವಿನ್ಯಾಸ ನೀವೇ ಮಾಡಬೇಕು. ಉಳಿದ ವಿವರ ಎಲ್ಲ ಕಡೆ ಸಿಗುತ್ತದೆ. ನಾನು ಹೇಳಬೇಕು ಅಂದುಕೊಂಡಿರುವುದು ಆ ವಿನ್ಯಾಸದ ಪುಟದ ಬಗ್ಗೆ, ಮತ್ತೆ ನನ್ನ ಒಂದು ಹಡಗಿನ ಬಗ್ಗೆ.

ನನ್ನ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಪ್ರತಿ ಹಡಗಿಗೆ ಒಂದು ಪುಟ. ಹೆಸರುಗಳೆಲ್ಲ ನಮ್ಮ ನದಿಗಳದ್ದು: ಶರಾವತಿ, ಕಾಳಿ, ತುಂಗಾ, ನೇತ್ರಾವತಿ. ಆಡುವುದು ಜಪಾನ್ ದೇಶವಾಗಿ, ಆದರೆ ಹಡಗಿನ ಹೆಸರು ನನ್ನ ಇಷ್ಟ ಅಲ್ವಾ? ಮೊದಲು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಈ ಹಡಗು ಯಾರ ಜೊತೆ ಕಾದಾಡಬೇಕು, ಎಷ್ಟು ದೂರ ಹೋಗಬೇಕು, ಯಾರಿಂದ ಓಡಿ ತಪ್ಪಿಸಿಕೊಳ್ಳಬೇಕು. ಆಮೇಲೆ ವಿನ್ಯಾಸದ ಪುಟ ತೆರೆಯುತ್ತೇನೆ. ಹೊಸಬರಿಗೆ ನಾನು ಹೇಳುವ ಮೊದಲ ಮಾತು ಇದೇ. ಕೆಲಸ ಏನು ಅಂತ ತೀರ್ಮಾನ ಮಾಡದೆ ಆ ಪುಟ ತೆರೆಯಬೇಡಿ. ತೆರೆದರೆ ಕೈ ಸುಮ್ನೆ ದೊಡ್ಡ ಗನ್ ಕಡೆಗೇ ಹೋಗುತ್ತದೆ.

ನನ್ನ ಮೊದಲ ಆಟ ಹಾಗೇ ಹಾಳಾಯಿತು. ಎಲ್ಲ ಹಡಗಿಗೂ ಆಗುವಷ್ಟು ಗನ್, ಜೊತೆಗೆ ಜಾಸ್ತಿ ವೇಗ. ಆದರೆ ತೂಕದ ಲೆಕ್ಕ ಯಾರನ್ನೂ ಬಿಡುವುದಿಲ್ಲ. ವೇಗ ಏರಿದ ಹಾಗೆ ಎಂಜಿನ್‌ಗೆ ಬೇಕಾದ ಶಕ್ತಿ ಸುಮಾರಾಗಿ ವೇಗದ ಘನದಂತೆ ಏರುತ್ತದೆ. 20 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಓಡುವ ಹಡಗು 23 ನಾಟ್ ಓಡಬೇಕು ಅಂದರೆ ಹತ್ತಿರ ಹತ್ತಿರ ಒಂದೂವರೆ ಪಟ್ಟು ಶಕ್ತಿ ಬೇಕು. ಆ ತೂಕ ಎಲ್ಲಿಂದಲಾದರೂ ಬರಬೇಕು. ನಾನು ಉಕ್ಕಿನ ಕವಚದಿಂದ ಕಡಿದೆ. ಟರೆಟ್, ಅಂದರೆ ಗನ್ ಕೂರಿಸಿದ ತಿರುಗುವ ಗೂಡು, ಅದರ ಮೇಲಿನ ಕವಚವನ್ನೂ ತೆಳ್ಳಗೆ ಮಾಡಿದೆ. ಒಂದು ಮಧ್ಯಾಹ್ನದ ಕಾಳಗದಲ್ಲಿ ನನ್ನ ಎರಡು ಬ್ಯಾಟಲ್‌ಕ್ರೂಸರ್‌ಗಳು (ದೊಡ್ಡ ಗನ್, ಹೆಚ್ಚು ವೇಗ, ತೆಳು ಕವಚದ ಯುದ್ಧನೌಕೆಗಳು) ಸಿಡಿದು ಹೋದವು.

ಇದು ಆಟದವರು ಕಟ್ಟಿದ ಕಥೆ ಅಲ್ಲ. ಮೊದಲ ಮಹಾಯುದ್ಧದಲ್ಲಿ, 1916ರ ಮೇ 31ರಂದು, ಜರ್ಮನಿಯ ಜೊತೆ ನಡೆದ ಜಟ್‌ಲ್ಯಾಂಡ್ ಕಾಳಗದಲ್ಲಿ ಬ್ರಿಟನ್ನಿನ ಇನ್‌ಡಿಫ್ಯಾಟಿಗಬಲ್, ಕ್ವೀನ್ ಮೇರಿ, ಇನ್‌ವಿನ್ಸಿಬಲ್ ಮೂರೂ ಹೀಗೇ ಹೋದವು. ಬೆಂಕಿ ಮದ್ದಿನ ಕೋಣೆಗೆ ಇಳಿಯಿತು, ಒಂದೊಂದು ಹಡಗಿನಲ್ಲೂ ಸಾವಿರಕ್ಕೂ ಹೆಚ್ಚು ಜನ ಸತ್ತರು. ಇದನ್ನು ಮೊದಲೂ ಓದಿದ್ದೆ. ಆದರೆ ನಾನೇ ಅಳೆದು ಇಟ್ಟ ಕವಚ ಸೀಳಿ ಹೋದಾಗ ಆದ ಸಂಕಟ ಬೇರೆ. ಆ ರಾತ್ರಿ ನೋಟ್‌ಬುಕ್ಕಿನ ಎರಡು ಪುಟಗಳ ಮೇಲೆ ಗೆರೆ ಎಳೆದು ಮಲಗಿದೆ.

ಎರಡನೇ ಆಟ ಅಮೆರಿಕದ್ದು. ಹೊಸಬರು ಅಲ್ಲಿಂದಲೇ ಶುರು ಮಾಡಿ. ಹಣ ಬೇಕಾದಷ್ಟು ಇದೆ, ಶತ್ರುಗಳು ದೂರ ಇದ್ದಾರೆ, ತಪ್ಪು ಮಾಡಿದರೂ ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಮಾತ್ರ ಒಂದು ಎಚ್ಚರ ಬೇಕು. 1906ರಲ್ಲಿ ಬ್ರಿಟನ್ನಿನ ಡ್ರೆಡ್‌ನಾಟ್ ಅನ್ನುವ ಯುದ್ಧನೌಕೆ ಬಂತು. ಹತ್ತು 12 ಇಂಚಿನ ಗನ್, ಟರ್ಬೈನ್ ಎಂಜಿನ್, 21 ನಾಟ್ ವೇಗ. ಅಲ್ಲಿಯವರೆಗಿನ ಎಲ್ಲ ಯುದ್ಧನೌಕೆಗಳೂ ಒಮ್ಮೆಗೇ ಹಳೆಯವಾದವು. ಆಟದಲ್ಲಿ ಆ ತಂತ್ರ ಒಂದೆರಡು ವರ್ಷ ಹಿಂದೆ ಮುಂದೆ ಬರಬಹುದು, ಆದರೆ ಬಂದೇ ಬರುತ್ತದೆ. ಆ ಹೊತ್ತಿಗೆ ಮೂರು ದೊಡ್ಡ ಹಡಗು ಅರ್ಧ ಕಟ್ಟಿದ ಸ್ಥಿತಿಯಲ್ಲಿ ಇಟ್ಟುಕೊಂಡಿರಬೇಡಿ. ಆ ಹಣವನ್ನು ಡಾಕ್ ದೊಡ್ಡದು ಮಾಡಲು ಹಾಕಿ. ಡಾಕ್ ಚಿಕ್ಕದಾದರೆ ತಲೆಯಲ್ಲಿ ಎಷ್ಟೇ ಒಳ್ಳೆಯ ಹಡಗಿದ್ದರೂ ಕಟ್ಟಲು ಜಾಗ ಇರುವುದಿಲ್ಲ.

ಈಗ ನೇತ್ರಾವತಿ. ಇದು ನನ್ನ ಮೂರನೇ ಆಟ, ಮತ್ತೆ ಜಪಾನ್. 1897ರಲ್ಲಿ ನಮ್ಮ ಡಾಕ್‌ಗಳು ಸಾಲದೆ ಹಡಗನ್ನು ಬ್ರಿಟನ್ನಿನಲ್ಲಿ ಕಟ್ಟಿಸಿದೆ. ಜಪಾನ್ ನಿಜವಾಗಿಯೂ ಹಾಗೇ ಮಾಡಿತ್ತು. 1905ರಲ್ಲಿ ರಷ್ಯಾದ ನೌಕಾಪಡೆಯನ್ನು ಸೋಲಿಸಿದ ಅಡ್ಮಿರಲ್ ಟೋಗೊ ಅವರ ಮಿಕಾಸಾ ಹಡಗನ್ನು ಕಟ್ಟಿದ್ದು ಬ್ರಿಟನ್ನಿನ ಬ್ಯಾರೋ ಊರಿನಲ್ಲಿ. ನನ್ನದು ಕವಚ ಇರುವ ಕ್ರೂಸರ್ (ದೊಡ್ಡ ಯುದ್ಧನೌಕೆಗಿಂತ ಹಗುರವಾದ, ವೇಗದ ಹಡಗು), ಒಂಬತ್ತು ಸಾವಿರದ ಐನೂರು ಟನ್, 21 ನಾಟ್. ಗನ್‌ಗಳು ಸಾಧಾರಣ, ಕವಚ ಗಟ್ಟಿ. ಮೊದಲ ಆಟದ ಪಾಠ ಅದು.

1903ರಲ್ಲಿ ರಷ್ಯಾ ಜೊತೆ ಯುದ್ಧ ಬಂತು. ಮೂರು ಕಾಳಗಗಳಲ್ಲಿ ಅವಳು ಮುಂದೆ ನಿಂತಳು. ಒಮ್ಮೆ ಹದಿನೇಳು ಗುಂಡು ತಿಂದು, ಒಂದು ಟರೆಟ್ ಕಳೆದುಕೊಂಡು, ಎಂಟು ನಾಟ್ ವೇಗದಲ್ಲಿ ಬಂದರು ಸೇರಿದಳು. ಆ ರಾತ್ರಿ ಹನ್ನೆರಡೂವರೆ ತನಕ ಎದ್ದಿದ್ದೆ. ಅವಳು ಬಂದರು ಮುಟ್ಟುವವರೆಗೆ ಲ್ಯಾಪ್‌ಟಾಪ್ ಮುಚ್ಚಲು ಮನಸ್ಸಾಗಲಿಲ್ಲ.

ಆಮೇಲೆ ಆದದ್ದನ್ನು ನಾನು ಎಣಿಸಿಯೇ ಇರಲಿಲ್ಲ. ಅವಳಿಗೆ ವಯಸ್ಸಾಯಿತು. 1912ರ ಹೊತ್ತಿಗೆ 26 ನಾಟ್ ಓಡುವ ಹಡಗುಗಳು ಎದುರಿಗೆ ಬಂದವು. ಅವಳು ಹಾಗೇ ಇದ್ದಳು, ಸುತ್ತಲಿನ ಕಡಲು ಬದಲಾಗಿತ್ತು. ಎಷ್ಟೋ ಆಟಗಳಲ್ಲಿ ಹಳೆಯದನ್ನು ಒಂದು ಬಟನ್ ಒತ್ತಿ ಹೊಸದು ಮಾಡಿಬಿಡಬಹುದು. ಇಲ್ಲಿ ರಿಪೇರಿಗೆ ಹಣವೂ ಬೇಕು, ತಿಂಗಳುಗಳೂ ಬೇಕು. ಎಷ್ಟು ಮಾಡಿದರೂ 1897ರ ಒಡಲು 1897ರದ್ದೇ.

ಹೊಸಬರು ಇಂಥ ಹಡಗನ್ನು ಆತುರದಲ್ಲಿ ಗುಜರಿಗೆ ಹಾಕುತ್ತಾರೆ. ಹಾಕಬೇಡಿ. ದೂರದ ವಸಾಹತುಗಳಲ್ಲಿ ಇಷ್ಟು ಟನ್ ಹಡಗು ಇರಲೇಬೇಕು ಅಂತ ಆಟ ಕೇಳುತ್ತದೆ. ಅಲ್ಲಿಗೆ ಹೊಸ ಹಡಗು ಕಳಿಸುವುದು ದಂಡ, ಹಳೆಯವು ಸಾಕು. ಸರಕು ಹಡಗುಗಳ ಕಾವಲಿಗೂ ಅವು ಆಗುತ್ತವೆ. ನೇತ್ರಾವತಿ ಹತ್ತು ವರ್ಷ ಆ ಕೆಲಸ ಮಾಡಿದಳು. ನನ್ನ ನೋಟ್‌ಬುಕ್ಕಿನಲ್ಲಿ ಅವಳ ಪುಟ ತುಂಬಿ, ಇನ್ನೊಂದು ಹಾಳೆ ಅಂಟಿಸಿದ್ದೇನೆ.

ಈಗ ಬೇಸರದ ಮಾತು. ಮೊದಲ ಎಂಟು ತಿಂಗಳು ನಾನು ಈ ಆಟವನ್ನು ಸಿಕ್ಕವರಿಗೆಲ್ಲ ಹೊಗಳಿದ್ದೆ. ಅಮೆರಿಕದ ಆಟ 1930 ದಾಟಿದ ಮೇಲೆ ಆ ಉತ್ಸಾಹ ಇಳಿಯಿತು. ವಿಮಾನಗಳು ಬಂದವು. ವಿಮಾನವಾಹಕ ಹಡಗು, ಅದರ ವಿಮಾನ ತಂಡಗಳು, ದಡದ ವಿಮಾನ ನೆಲೆಗಳು, ಯಾವುದು ಹುಡುಕಲು ಹೋಗಬೇಕು, ಯಾವುದು ಬಾಂಬ್ ಹೊರಬೇಕು. ಒಂದು ಕಾಳಗಕ್ಕೆ ನನ್ನ ನಾಲ್ಕು ರಾತ್ರಿ ಬೇಕಾಯಿತು. ಇತಿಹಾಸ ನಡೆದದ್ದೇ ಹಾಗೆ, ಒಪ್ಪುತ್ತೇನೆ. ಆದರೆ ದಿನಕ್ಕೆ ನಲವತ್ತೇ ನಿಮಿಷ ಇರುವವರಿಗೆ ಅದು ಭಾರ. ಅದಕ್ಕಿಂತ ಹೆಚ್ಚಾಗಿ, ಹಡಗಿನ ಮೇಲಿನ ನನ್ನ ಗಮನ ಪಟ್ಟಿಗಳ ಮೇಲೆ ಹೋಯಿತು. ನಾನು ಆ ಆಟವನ್ನು 1938ರಲ್ಲೇ ನಿಲ್ಲಿಸಿದೆ.

ಕಾಳಗಗಳನ್ನು ಹೊಂದಿಸುವ ರೀತಿಯೂ ಕಿರಿಕಿರಿ ಮಾಡುತ್ತದೆ. ಬಂದರಿನಲ್ಲಿ ಹತ್ತು ಹಡಗು ನಿಂತಿರುತ್ತವೆ, ಎದುರಾಳಿಯ ಆರಕ್ಕೆ ನನ್ನ ಎರಡನ್ನೇ ಆಟ ಕಳಿಸುತ್ತದೆ. ಅಂಥ ಹೊತ್ತಿನಲ್ಲಿ ಕಾಳಗ ಬೇಡ ಅನ್ನಬಹುದು. ಶತ್ರುವಿಗೆ ಒಂದಿಷ್ಟು ಅಂಕ ಹೋಗುತ್ತದೆ, ಹೋಗಲಿ. ಒಂದು ಹಡಗು ಕಟ್ಟಲು ಎರಡು ಮೂರು ವರ್ಷ ಹಿಡಿಯುತ್ತದೆ. ಕತ್ತಲಾದರೆ ದೊಡ್ಡ ಹಡಗುಗಳನ್ನು ತಿರುಗಿಸಿಕೊಂಡು ಹೊರಡಿ. ನೀರೊಳಗೆ ನುಗ್ಗಿ ಬಂದು ಹೊಡೆಯುವ ಇರುಳಿನ ಟಾರ್ಪಿಡೊಗೆ ನಾನು ಕಳೆದುಕೊಂಡಷ್ಟು ಹಡಗನ್ನು ಗನ್‌ಗೆ ಕಳೆದುಕೊಂಡಿಲ್ಲ.

ಈ ಆಟವನ್ನು ರಿಯಾಯಿತಿಗೆ ಕಾಯದೆ ಪೂರ್ತಿ ಬೆಲೆಗೆ ತೆಗೆದುಕೊಂಡೆ. ವರ್ಷಕ್ಕೆ ಒಂದೇ ಆಟ ಕೊಳ್ಳುವ ಮನೆ ನಮ್ಮದು. ಆ ಲೆಕ್ಕದಲ್ಲಿ ಕೊಟ್ಟ ಹಣ ಯಾವತ್ತೋ ತೀರಿದೆ. 1890ರಿಂದ 1925ರವರೆಗಿನ ಭಾಗಕ್ಕೆ ಐದಕ್ಕೆ ಐದು ಕೊಡುತ್ತೇನೆ. ಅಲ್ಲಿಂದ ಮುಂದಕ್ಕೆ ಮೂರು.

ಮಿಕಾಸಾ ಇವತ್ತಿಗೂ ಜಪಾನಿನ ಯೋಕೊಸುಕಾದಲ್ಲಿ ಇದೆ. ಜನ ಟಿಕೆಟ್ ತೆಗೆದುಕೊಂಡು ಹತ್ತಿ ನೋಡುತ್ತಾರೆ. ನೇತ್ರಾವತಿಗೆ ಅಂಥ ಅವಕಾಶ ಸಿಗಲಿಲ್ಲ. 1923ರ ಮಾರ್ಚ್‌ನಲ್ಲಿ ಬಜೆಟ್ ಕಡಿತವಾಯಿತು, ಅವಳ ನಿರ್ವಹಣೆಗೆ ಹಣ ಉಳಿಯಲಿಲ್ಲ. ಗುಜರಿಗೆ ಹಾಕುವ ಬಟನ್ ಒತ್ತಲು ನನಗೆ ಮೂರು ದಿನ ಬೇಕಾಯಿತು. ಪುಟದ ಕೊನೆಗೆ ತಾರೀಖು ಬರೆದೆ. ಮಗಳು ಬೆಳಿಗ್ಗೆ ನೋಡಿ, ಪಕ್ಕದಲ್ಲಿ ಒಂದು ಹಡಗಿನ ಚಿತ್ರ ಬಿಡಿಸಿದ್ದಾಳೆ.

ಈಗ 1924. ಹೊಸ ನೇತ್ರಾವತಿ ಡಾಕ್‌ನಲ್ಲಿದೆ, ಈ ಸಲ ನಮ್ಮದೇ ಡಾಕ್. ಇನ್ನೂ ಹದಿನಾಲ್ಕು ತಿಂಗಳ ಕೆಲಸ ಬಾಕಿ ಇದೆ.