ನಾಯಿ ಕಾಲ್ ತೊಳೆಯೋ ಸಿಲಿಕಾನ್ ಕಪ್: ವಿಜಯಪುರದ ಎರಿ ಮಣ್ಣಿಗೆ ನಡೀತೈತೇನು?

ಆನ್‌ಲೈನ್‌ನಾಗ ಸಿಗತಾವಲ್ರಿ, ಹೊರಗ ಪ್ಲಾಸ್ಟಿಕ್ ಮಗ್, ಒಳಗ ಸುತ್ತೂ ಮೆತ್ತನ ಸಿಲಿಕಾನ್ ಹಲ್ಲು, ಅದರಾಗ ನಾಯಿ ಕಾಲ್ ಇಳಿಸಿ ತಿರುವೋದು, ಅದರ ರಿವ್ಯೂ ಇದು. ನಮ್ಮದು ಲ್ಯಾಬ್ರಡಾರ್, ಹೆಸರು ಬ್ರೂನೊ, ಊರು ವಿಜಯಪುರ. ಅವನ ಮುಂಗಾಲ ಬೆರಳ ಸಂದ್ಯಾಗ ಗುಳ್ಳಿ ಏಳೋದು, ಒಡಿಯೋದು, ಮಾಯೋದು, ಮತ್ತ ಅಲ್ಲೇ ಬಾಜೂಕ ಇನ್ನೊಂದು ಏಳೋದು, ಹಿಂಗ ನಡದೇ ಐತಿ. ಇಂಥಾ ನಾಯಿ ಇದ್ದೋರ ಸಲುವಾಗೇ ಬರಿಯಾಕತ್ತೀನಿ. ಚೊಕ್ಕ ಕಾಲಿನ ನಾಯಿ ಇದ್ದೋರಿಗೆ ಇದೇನ್ ಬೇಕಾಗಂಗಿಲ್ಲ, ಒಂದು ಹಸಿ ಅರಿವಿ ಸಾಕು.

ನಮ್ಮ ಕಡೆ ಮಣ್ಣ ಗೊತ್ತಲ್ಲ. ಜ್ವಾಳಕ್ಕ, ಕಡ್ಲಿಗೆ ಬಂಗಾರದಂಥಾ ಎರಿ, ಖರೆ ಮಳಿ ಬಿದ್ದ ಮ್ಯಾಲ ಭೂತನಾಳ ಕೆರಿ ಕಡೆ ಒಂದು ಸುತ್ತ ಹಾಕಿಸಿಕೊಂಡ್ ಬಂದ್ರ ನಾಕೂ ಕಾಲಿಗೆ ದಪ್ಪಗ ಮೆತ್ತಿರತೈತಿ, ಮನಿಗೆ ಬರೋದ್ರಾಗ ಅರ್ಧ ಒಣಗಿ ಬೆರಳ ಸಂದ್ಯಾಗ ಹೆಂಟಿ ಕಟ್ಟಿರತೈತಿ, ಆ ಹೆಂಟಿ ಕೂದಲಾ ಜಗ್ಗತೈತಿ, ಚರ್ಮ ತಿಕ್ಕತೈತಿ, ನಾಯಿ ಕುಂತು ನೆಕ್ಕಾಕ ಶುರು ಮಾಡತೈತಿ. ಅದರಾಗ ನೆಗ್ಗಿಲ ಮುಳ್ಳು, ಜಾಲಿ ಮುಳ್ಳು ಬ್ಯಾರೆ. ಸೋಪ್ ಹಚ್ಚಿ ಬಕೀಟನಾಗ ಕಾಲ್ ಇಡಸೋದಂದ್ರ ಬ್ರೂನೊನ ಕಡೆಯಿಂದ ಆಗದ ಮಾತು, ಬಕೀಟ ಉಳ್ಳಿಸೇ ಬಿಡತಾನ. ಅದಕ್ಕ ಈ ಕಪ್ ತರಿಸಿದ್ದು.

ಮಣ್ಣ ತೆಗಿಯೋ ಕೆಲಸ ಚಲೋ ಮಾಡತೈತಿ, ಅದರಾಗ ಎರಡ ಮಾತಿಲ್ಲ. ಉಗುರ ಬೆಚ್ಚಗಿನ ನೀರ ಅರ್ಧ ಕಪ್ ಹಾಕಿ, ಕಾಲ್ ಇಳಿಸಿ ನಿಧಾನಕ ಆ ಕಡೆ ಈ ಕಡೆ ತಿರುವಿದ್ರ ನೀರ ಕರ್ರಗಾಗಿಬಿಡತೈತಿ. ಒಂದೊಂದು ಕಾಲಿಗೂ ನೀರ ಬದಲಿಸಬೇಕ್ರಿ, ಒಂದು ಕಾಲಿನ ಕೀವು ಇನ್ನೊಂದ್ ಕಾಲಿಗೆ ಯಾಕ ಹಚ್ಚಬೇಕು. ಆದ್ರ ಆ ಹಲ್ಲು ಪಂಜಾದ ಮ್ಯಾಲಿನ ಭಾಗಕ್ಕ, ಉಗುರಿಗೆ ಮುಟ್ಟತಾವು, ಕೆಳಗ ಪಂಜಾದ ಮೆತ್ತನ ಗಾದಿ ಗಾದಿ ನಡುವಿನ ಸಂದಿಗೆ ಮುಟ್ಟಂಗಿಲ್ಲ, ಗುಳ್ಳಿ ಏಳೋದು ನೋಡಿದ್ರ ಅಲ್ಲೇ. ಹಂಗಾಗಿ ಬೆರಳ್ ಹಾಕಿ ಒಂದೊಂದ್ ಸಂದಿ ಬಿಡಿಸಿ ತೊಳಿಯೋದು ನಿಮಗ ತಪ್ಪಂಗಿಲ್ಲ.

ತೊಳಿಯೋದಕ್ಕಿಂತ ದೊಡ್ಡದು ಒರಸೋದು. ಕಪ್ ಮಾರೋರು ಇದನ್ನ ಹೇಳಂಗೇ ಇಲ್ಲ, ನನಗ ಇದರ ಮ್ಯಾಲೇ ಸಿಟ್ಟು. ದಿನಾ ತೊಳದು ಹಸೀ ಬಿಟ್ರ ರೋಗಕ್ಕ ನಾವೇ ಜಾಗಾ ಮಾಡಿ ಕೊಟ್ಟಂಗ, ಯಾಕಂದ್ರ ಮಲಸೇಜಿಯಾ ಅನ್ನೋ ಯೀಸ್ಟ್‌ಗೆ, ಅಂದ್ರ ಚರ್ಮದ ಮ್ಯಾಲ ಇರೋ ಸಣ್ಣ ಶಿಲೀಂಧ್ರಕ್ಕ, ಬೇಕಾಗಿದ್ದು ಬೆಚ್ಚಗ ಹಸಿ ಇರೋ ಸಂದೀನೇ. ಅದು ಹೆಚ್ಚಾದ್ರ ಕಾಲಿಂದ ಒಂಥರಾ ಹುಳಿ ವಾಸನಿ ಬರತೈತಿ, ಉಗುರ ಬುಡ ಕಂದಾಗತೈತಿ, ನಾಯಿ ಬಿಡದಂಗ ನೆಕ್ಕತೈತಿ. ಬಿಳೆ ಕೂದಲಿನ ನಾಯಿ ಆದ್ರ ಜೊಲ್ಲಿಗೆ ಕೂದಲ ಕೆಂಪ-ಕಂದ ಬಣ್ಣಕ್ಕ ತಿರುಗತೈತಿ, ನಾಯಿ ಎಷ್ಟ ನೆಕ್ಕಾಕತ್ತೈತಿ ಅಂತ ಅದರಿಂದಾನೇ ಗೊತ್ತಾಗತೈತಿ. ದಪ್ಪ ಟಾವೆಲ್ ಸಂದ್ಯಾಗ ಹೋಗಂಗಿಲ್ಲ, ಹಳೇ ಧೋತ್ರದ ತುಂಡು ತಗೊಳ್ರಿ, ನೀರ ಹೀರತೈತಿ, ತೆಳ್ಳಗೂ ಇರತೈತಿ.

ಈಗ ಈ ಕಪ್ ಕೈಲೆ ಆಗದ ಕೆಲಸ. ಗುಳ್ಳಿ ಯಾಕ ಮತ್ತ ಮತ್ತ ಏಳತೈತಿ ಅನ್ನೋದು ಹೊಲಸು ಒಂದರಿಂದ ಅಲ್ರಿ. ನಮಗ ಡಾಕ್ಟ್ರು ತಿಳಿಸಿ ಹೇಳಿದ್ದು ಹಿಂಗ: ಲ್ಯಾಬ್ರಡಾರ್‌ನಂಥಾ ಗಿಡ್ಡ, ಬಿರುಸು ಕೂದಲಿನ ನಾಯಿಗೆ, ಅದರಾಗೂ ತೂಕ ಜಾಸ್ತಿ ಇದ್ರ, ನಡಿಯೋವಾಗ ಸಂದಿನ ಕೂದಲ ಒಳಗಡೆನೇ ಚುಚ್ಚಿಕೊಂಡು ಕೂದಲ ಬುಡ ಒಡೀತೈತಿ, ಒಳಗ ಹ್ವಾದ ಕೂದಲಾನ ಮೈ ಮುಳ್ಳಿನಂಗ ತಿಳಕೊಂಡು ಬಾವು ಬರಸತೈತಿ, ಆಮ್ಯಾಲ ಬ್ಯಾಕ್ಟೀರಿಯಾ ಸೇರಕೊಂಡು ಕೀವು. ಅದರ ಹಿಂದ ಬಹಳ ಸಲ ಅಲರ್ಜಿ ಇರತೈತಿ, ಧೂಳ, ಹುಲ್ಲಿನ ಪರಾಗ ಇಲ್ಲಾ ತಿನ್ನೋ ಊಟದ್ದು. ತುರಿಕಿ ಬಂದು ನೆಕ್ಕಿದ್ದಕ್ಕ ಚರ್ಮ ಹಾಳಾಗೋದು ಮದಲ, ಗುಳ್ಳಿ ಆಮ್ಯಾಲ. ಅಲರ್ಜಿಗೆ ದಾರಿ ಮಾಡದ ಬರೇ ಗುಳ್ಳಿಗೆ ಗುಳಿಗಿ ಕೊಟ್ರ ಕೋರ್ಸ್ ಮುಗಿದ ಮ್ಯಾಲ ತಿರುಗಿ ಬರತೈತಿ.

ಒಂದ ಕಾಲಿನಾಗ, ಒಂದ ಜಾಗಾದಾಗ ಅಷ್ಟ ಏಳಾಕತ್ತಿದ್ರ ಮದಲ ಮುಳ್ಳಿನ ಸಂಶೇ ತಗೊಳ್ರಿ. ಮುಧೋಳ ಹತ್ರ ನಮ್ಮ ಮಾಮಾರ ಹೊಲದಾಗ ಮುಧೋಳ ನಾಯಿ ಐತಿ, ಅದಕ್ಕ ಹಿಂಗ ಆಗಿತ್ತು, ಕುಂಟೋದು ನಿಲ್ಲಲೇ ಇಲ್ಲ, ಸಂದಿ ಒಳಗ ಮುಳ್ಳಿನ ಚೂರು ಕುಂತಿತ್ತು, ಅದನ್ನ ತೆಗಸಿದ ಮ್ಯಾಲೇ ವಾಸಿ ಆತು. ಎಷ್ಟ ತೊಳದ್ರೂ ಮುಳ್ಳ ಹೊರಗ ಬರತಿರಲಿಲ್ಲ. ನಾಕೂ ಕಾಲ ನೆಕ್ಕಾಕತ್ತಿದ್ರ, ಇಲ್ಲಾ ಎರಡೂ ಮುಂಗಾಲ, ಅಲರ್ಜಿ ಕಡೆ ನೋಡಬೇಕು. ಡಾಕ್ಟರ್ ಕಡೆ ಹೋದಾಗ ಚರ್ಮಕ್ಕ ಟೇಪ್ ಹಚ್ಚಿ ತೆಗದು ಯೀಸ್ಟ್ ಐತೇನ್ ಮೈಕ್ರೋಸ್ಕೋಪನಾಗ ನೋಡ್ರಿ ಅಂತ, ಚರ್ಮ ಕೆರದು ಡೆಮೊಡೆಕ್ಸ್ ಅನ್ನೋ ಕಣ್ಣಿಗೆ ಕಾಣದ ಚರ್ಮದ ಹುಳ ಐತೇನ್ ನೋಡ್ರಿ ಅಂತ ಬಾಯಿಬಿಟ್ಟ ಕೇಳ್ರಿ, ಮತ್ತ ಮತ್ತ ಕೀವು ಆಗಾಕತ್ತಿದ್ರ ಕಲ್ಚರ್, ಅಂದ್ರ ಕೀವಿನಾಗ ಯಾವ ಬ್ಯಾಕ್ಟೀರಿಯಾ ಐತಿ ಅಂತ ಬೆಳಸಿ ನೋಡೋ ಪರೀಕ್ಷೆ, ಮಾಡಿಸಿ ಆ ಮ್ಯಾಲ ಆಂಟಿಬಯೋಟಿಕ್ ಬರಸ್ರಿ. ಆಳಕ್ಕ ಇಳದ ಸೋಂಕಿಗೆ ಔಷಧ ಬಹಳ ವಾರ ನಡೀತೈತಿ, ಮ್ಯಾಲ ಒಣಗಿ ಕಂಡಕೂಡ್ಲೆ ಬಂದ್ ಮಾಡಿದ್ರ ಒಳಗ ಉಳದಿದ್ದು ಮತ್ತ ಎದ್ದ ಬರತೈತಿ. ಊಟದ ಸಂಶೇ ಇದ್ರ ಹಳೇ ಊಟ ಪೂರಾ ಬಿಡಿಸಿ ಡಾಕ್ಟ್ರು ಹೇಳಿದ್ದನ್ನ ಕನಿಷ್ಠ 8 ವಾರ ಕೊಡಬೇಕು, ಮನಿ ಮಂದಿ ಯಾರೂ ಬಿಸ್ಕೀಟು, ಹಾಲ-ರೊಟ್ಟಿ ಚೂರು ಹಾಕಬಾರದು. ಅಜ್ಜಿನ ಒಪ್ಪಸೋದ ಇದರಾಗ ಎಲ್ಲಾಕ್ಕಿಂತ ಕಷ್ಟದ್ದು, ಖರೆ ಒಪ್ಪಸಬೇಕು.

ಕಪ್ ನಿಜವಾಗಿ ಕೈಗೆ ಬಂದಿದ್ದು ಔಷಧ ಶಾಂಪೂ ಹಚ್ಚೋವಾಗ. ಬ್ಯಾಕ್ಟೀರಿಯಾ, ಯೀಸ್ಟ್ ಕೊಲ್ಲೋ ಕ್ಲೋರ್‌ಹೆಕ್ಸಿಡಿನ್, ಮೈಕೊನಜೋಲ್ ಇರೋ ಶಾಂಪೂ 10 ನಿಮಿಷ ಕಾಲ ಮ್ಯಾಲ ಇದ್ರೇನೇ ಕೆಲಸ ಮಾಡತೈತಿ, ಹಚ್ಚಿ ಲಗೂನ ತೊಳದ್ರ ರೊಕ್ಕ ದಂಡ. ನಾ ಕೈಲೆ ಹಚ್ಚಿ, ಅಷ್ಟೊತ್ತೂ ಪಕ್ಕದಾಗ ಕುಂತು ನೆಕ್ಕಗೊಡದಂಗ ಹಿಡಕೊಂಡು, ಆಮ್ಯಾಲ ಕಪ್ಪಿನಾಗ ತೊಳೀತೀನಿ, ಪೂರಾ ಬಾತ್‌ರೂಮ್ ಹಸಿ ಆಗಂಗಿಲ್ಲ. ಕಪ್ಪಿನ ನೀರಾಗ ಡೆಟಾಲ್, ಫಿನೈಲ್ ಹಾಕಬ್ಯಾಡ್ರಿ, ನೆಲಾ ಒರಸೋ ಫಿನೈಲ್ ಸುದ್ದಾ ಪೂರಾ ಒಣಗೋ ಮಟ ನಾಯಿನ ಹೊರಗ ಇಡ್ರಿ. ಮಂದಿಗೆ ಹಚ್ಚೋ ಸ್ಟಿರಾಯ್ಡ್ ಮುಲಾಮು ಹಚ್ಚಿದ್ರ ನಾಯಿ ನೆಕ್ಕಿ ಹೊಟ್ಟಿಗೆ ಹೋಗತೈತಿ. ಕುಂಟಾಕತ್ತೈತಿ ಅಂತ ನಮ್ಮ ಐಬುಪ್ರೊಫೇನ್ ಗುಳಿಗಿ ಕೊಡೋರ ಅದಾರ, ದಯವಿಟ್ಟು ಕೊಡಬ್ಯಾಡ್ರಿ, ನಾಯಿಗೆ ಅದು ವಿಷ, ಹೊಟ್ಯಾಗ ಹುಣ್ಣ ಆಗತೈತಿ, ಕಿಡ್ನಿ ಹೋಗತೈತಿ.

ಬ್ಯಾಸಿಗ್ಯಾಗ ಇದರ ಉಪಯೋಗ ಕಡಿಮಿ. ಏಪ್ರಿಲ್, ಮೇನಾಗ ಇಲ್ಲಿ 40 ಡಿಗ್ರಿ ದಾಟತೈತಿ, ಡಾಂಬರ್ ಅದಕ್ಕಿಂತ ಎಷ್ಟೋ ಹೆಚ್ಚು ಕಾಯತೈತಿ, ಅಂಗೈ ಹಿಂಭಾಗ ರೋಡಿಗೆ ಹಚ್ಚಿ 7 ಸೆಕೆಂಡ್ ಇಡಾಕಾಗಲಿಲ್ಲಂದ್ರ ನಾಯಿನ ನಡಸಬ್ಯಾಡ್ರಿ, ಬೆಳಗಿನ ತಂಪಿನಾಗ ಮುಗಿಸಿಬಿಡ್ರಿ. ನಾಯಿ ಬೂಟೂ ತರಿಸಿ ನೋಡಿದ್ವಿ, ಗುಳ್ಳಿ ಇರೋ ಕಾಲಿಗೆ ಬ್ಯಾಡ ಅನಸ್ತು, ನಾಯಿ ಬೆವರೋದು ಕಾಲ ಗಾದಿಯಿಂದಾನ, ಬೂಟಿನ ಒಳಗ ಹಸಿ ಹಿಡಕೊಂಡಬಿಡತೈತಿ. ಪಟ್ಟಿ ಕಟ್ಟಿದಾಗ ಹೊರಗ ಹೋಗಿ ಬರೋ ಅಷ್ಟೊತ್ತಿಗೆ ಆದ್ರ ನಡೀತೈತಿ.

ತಗೊಳ್ಳೋರಿಗೆ: ನಂದು ನಾಕನೂರು ಚಿಲ್ಲರ್ ಬಿತ್ತು, ಐದಕ್ಕ ಮೂರೂವರಿ ಕೊಡತೀನಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡಿಗೆ ದೊಡ್ಡ ಸೈಜೇ ಬೇಕು, ಮೀಡಿಯಂ ತಗೊಂಡ್ರ ಪಂಜಾ ಹಿಂಡಿ ಇಳಸಬೇಕಾಗತೈತಿ, ಗುಳ್ಳಿ ಇದ್ದಾಗ ಅದು ಭಾಳ ನೋಯತೈತಿ, ಆಮ್ಯಾಲ ಕಪ್ ಕಂಡ್ರ ಓಡಿಹೋಗತೈತಿ. ಗುಳ್ಳಿ ಒಡದು ರಕ್ತ ಬರಾಕತ್ತಿದ್ದ ದಿನ ಹಲ್ಲಿನ ಭಾಗ ಬಿಚ್ಚಿಟ್ಟು ಬರೇ ಮಗ್ಗಿನಾಗ ತೊಳೀರಿ. ಸಿಲಿಕಾನ್ ಬಿಚ್ಚಾಕ ಬರೋ ಮಾಡೆಲ್ಲೇ ನೋಡಿ ತಗೊಳ್ರಿ, ಹಲ್ಲಿನ ಬುಡಕ್ಕ ಕೂದಲ, ಮಣ್ಣ ಸಿಕ್ಕೊಂಡು ಒಂದ ವಾರದಾಗ ನಾತ ಹಿಡಿತೈತಿ, ಬಿಚ್ಚಿ ತೊಳದು ಬಿಸಲಿಗೆ ಒಣಗಸಾಕ ಬರಬೇಕು.