ಚಳಿಗಾಲದ ಹೂವಿಗೆ ಯಾವ ಪುಟ್ಟ ಆಲಿಯಂ?

ಸೇವಂತಿಗೆ ಜೊತೆ ಕುಂಡದಲ್ಲಿಡಲು ಆಲಿಯಂ, ಅಂದರೆ ಈರುಳ್ಳಿ ಜಾತಿಯ ಹೂಗಿಡ ಕೇಳಿದ್ದೀರಿ. ಚಿಕ್ಕಮಗಳೂರಿನಲ್ಲಿ ಮೊದಲು ನೋಡಬೇಕಾದದ್ದು ಚಳಿಯಲ್ಲ, ಮಳೆ.

ಆಲಿಯಂ ಕ್ಯಾಲಿಮಿಸ್ಕಾನ್ ಗ್ರೀಸ್ ಕಡೆಯದು. ಅಲ್ಲಿ ಜೂನ್-ಆಗಸ್ಟ್‌ನ ಬೇಸಿಗೆ ಪೂರಾ ಒಣ, ಗಡ್ಡೆ ಆಗ ಮಲಗಿರುತ್ತದೆ. ಮೂಡಿಗೆರೆಯ ಜುಲೈ ಮಳೆಗೆ ಬಿಟ್ಟರೆ ಕೊಳೆಯುವುದೇ ಜಾಸ್ತಿ. ಮಳೆ ಕಡಿಮೆ ಇರುವ ಕಡೂರು ಕಡೆಯವರು ಮರಳು, ಸಣ್ಣ ಜಲ್ಲಿ ಬೆರೆಸಿ ಸೂರಿನಡಿ ಇಟ್ಟು ನೋಡಬಹುದು.

ಜಪಾನ್, ಕೊರಿಯಾದ ಆಲಿಯಂ ಥನ್‌ಬರ್ಗಿಗೆ ಬೇಸಿಗೆಯ ಮಳೆ ಹೊಸದಲ್ಲ. ಅದರ 'ಒಜಾವಾ' ತಳಿ ಸುಮಾರು ಒಂದಡಿ ಬೆಳೆಯುತ್ತದೆ. ತವರಿನ ಕಡೆ ಅಕ್ಟೋಬರ್-ನವೆಂಬರ್‌ನಲ್ಲಿ ನೇರಳೆ-ಗುಲಾಬಿ ಹೂ. ಚಂದಕ್ಕೆ ನನ್ನ ಓಟು ಇದಕ್ಕೇ. ಆದರೆ ಗಟ್ಟಿ ಚಳಿ ಕಂಡ ಗಿಡ ಇದು. ಬಾಬಾಬುಡನ್‌ಗಿರಿಯ ಎತ್ತರದ ತೋಟವಾದರೆ ಆಸೆ ಇಟ್ಟುಕೊಳ್ಳಿ, ಕೆಳಗೆ ಊರೊಳಗೆ ಖಾತರಿ ಇಲ್ಲ. ಗಡ್ಡೆಯೂ ನಮ್ಮ ನರ್ಸರಿಗಳಲ್ಲಿ ಸುಲಭಕ್ಕೆ ಸಿಗುವಂಥದ್ದಲ್ಲ.

ಸುಮ್ನೆ ತಲೆನೋವು ಬೇಡ, ಖರ್ಚೂ ಬೇಡ ಅಂದರೆ ಗಾರ್ಲಿಕ್ ಚೈವ್ಸ್, ಎಲೆಗೆ ಬೆಳ್ಳುಳ್ಳಿ ಘಮ ಇರುವ ಇನ್ನೊಂದು ಆಲಿಯಂ. ಬೀಜದಿಂದ ಬರುತ್ತದೆ, ಬುಡ ಬಿಡಿಸಿ ನೆಟ್ಟರೂ ಆಯಿತು. ಎಲೆ ಆಮ್ಲೆಟ್‌ಗೂ ಆಗುತ್ತದೆ, ಅಲ್ವಾ! ಬಿಳಿ ಹೂ ಮಾತ್ರ ಚಳಿಗೆ ಮುಂಚೆಯೇ ಶುರುವಾಗುತ್ತದೆ. ಬೀಜ ಉದುರುವ ಮೊದಲೇ ಒಣಗಿದ ಹೂ ಕತ್ತರಿಸಿ, ಇಲ್ಲದಿದ್ದರೆ ಪಕ್ಕದ ಕುಂಡಗಳಲ್ಲೆಲ್ಲಾ ಅದೇ ಹುಟ್ಟುತ್ತದೆ.